ಪುಯೆಬ್ಲಾದ ಗೋಡೆಗಳ ಮೇಲೆ ಯಾರ ಸಹಿ ಇದೆ?

ಪ್ರಶ್ನೆ: ಮೇಡಂ, ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗ ಕೆಲಸದ ಮೇಲೆ ಮೆಕ್ಸಿಕೋದಲ್ಲಿದ್ದಾನೆ. ಅವನನ್ನು ನೋಡಲು ಹೋದಾಗ ಎರಡು ದಿನ ಪುಯೆಬ್ಲಾ ಎಂಬ ಊರಿನಲ್ಲಿದ್ದೆವು. ಮನೆಗಳ ಹೊರಗೋಡೆಗೆಲ್ಲ ಚಿತ್ರದ ಟೈಲ್ಸ್ ಹಾಕಿದ್ದು ನೋಡಿ ಖುಷಿಯಾಯಿತು. ಆದರೆ ಒಂದು ಚರ್ಚಿನ ಒಳಗಿರುವ ಚಿನ್ನದ ಚಾಪೆಲ್‌ನಲ್ಲಿ ತಲೆ ಸುತ್ತಿದ ಹಾಗಾಯಿತು. ಒಂದು ಅಂಗುಲವನ್ನೂ ಖಾಲಿ ಬಿಟ್ಟಿಲ್ಲ. ಇದೆಲ್ಲ ಸ್ಪೇನ್‌ನ ನಕಲು ಎಂದು ಮಗ ಹೇಳುತ್ತಾನೆ. ಟೈಲ್ಸ್‌ನ ನೀಲಿ ನೋಡಿದರೆ ನನಗೆ ಚೀನಾದ್ದು ಅನಿಸಿತು. ಹತ್ತಿರದ ಚೊಲುಲಾದಲ್ಲಿ ಪಿರಮಿಡ್ ತಲೆಯ ಮೇಲೆ ಚರ್ಚ್ ಕೂತಿರುವುದನ್ನು ಕಂಡು ಮನಸ್ಸಿಗೆ ನೋವಾಯಿತು. ಈ ಊರಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಸಮಾಧಿ ಇದೆ ಎಂದು ಗೈಡ್ ಹೇಳಿದರು. ನಿಜವೇ? ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಬೀದಿಬದಿಯಲ್ಲಿ ಕಡಿಮೆ ಬೆಲೆಗೆ ಒಂದು ತಟ್ಟೆ ತಂದಿದ್ದೇನೆ. ಅದು ಅಸಲಿ ತಲವೇರಾ, ಅಂದರೆ ಈ ಊರಿನ ಹೆಸರಾಂತ ಚಿತ್ರದ ಮಣ್ಣಿನ ಸಾಮಾನು, ಹೌದೋ ಅಲ್ಲವೋ ತಿಳಿಯುವುದು ಹೇಗೆ?

ಉತ್ತರ: ತಟ್ಟೆಯಿಂದಲೇ ಶುರು ಮಾಡೋಣ. ನೀವು ಅದನ್ನು ಸಣ್ಣ ಪ್ರಶ್ನೆ ಅಂದಿದ್ದೀರಿ. ಹಳೇ ಕಟ್ಟಡಗಳ ಗಾರೆ, ಟೈಲ್ಸ್ ದುರಸ್ತಿಯಲ್ಲೇ ಮೂವತ್ತು ವರ್ಷ ಕಳೆದ ನನಗೆ ಅದೇ ಮೊದಲ ಪ್ರಶ್ನೆ. ಉಳಿದದ್ದಕ್ಕೂ ದಾರಿ ಆ ತಟ್ಟೆಯ ಬೆನ್ನಿನಲ್ಲೇ ಇದೆ.

ತಟ್ಟೆಯನ್ನು ಬೋರಲು ಹಾಕಿ. ಅಸಲಿ ತಲವೇರಾ ಆದರೆ ಹಿಂಭಾಗದಲ್ಲಿ ಕಾರ್ಖಾನೆಯ ಗುರುತು, ಊರಿನ ಹೆಸರು, ಮಾಡಿದವರ ಸಹಿ ಅಥವಾ ಹೆಸರಿನ ಮೊದಲ ಅಕ್ಷರ ಇರುತ್ತದೆ. ತಟ್ಟೆ ನೆಲಕ್ಕೆ ತಾಗುವ ಉಂಗುರದಲ್ಲಿ ಗ್ಲೇಜ್, ಅಂದರೆ ಗಾಜಿನಂತೆ ಹೊಳೆಯುವ ಲೇಪ, ಇರುವುದಿಲ್ಲ. ಅಲ್ಲಿ ಸುಟ್ಟ ಮಣ್ಣೇ ಕಾಣಬೇಕು. ಈಗ ಮೇಲ್ಮುಖ ಮಾಡಿ, ಕಣ್ಣು ಮುಚ್ಚಿ ಬೆರಳಾಡಿಸಿ. ಬಣ್ಣ ಇರುವ ಕಡೆ ಕೊಂಚ ಉಬ್ಬಿದ ಹಾಗೆ ಸಿಗಬೇಕು. ಬಿಳುಪು ಕಾಗದದ ಬಿಳುಪಾಗಿರಬಾರದು. ಕಾಯಿಸಿದ ಹಾಲಿನ ಹಾಗೆ ಸ್ವಲ್ಪ ಕೆನೆಬಣ್ಣಕ್ಕೆ ತಿರುಗಿರಬೇಕು. ನೀಲಿ, ಹಳದಿ, ಹಸಿರು, ಕಪ್ಪು, ಕಿತ್ತಳೆ, ತಿಳಿ ನೇರಳೆ, ಈ ಆರೇ ಬಣ್ಣ. ಅಚ್ಚ ಗುಲಾಬಿ, ಕಡುಗೆಂಪು ಇದ್ದರೆ ಅದು ತಲವೇರಾ ಅಲ್ಲ.

ನೀವು ಹೇಳಿದ ಬೆಲೆಗೆ ಅಸಲಿ ಸಿಗುವುದು ಕಷ್ಟ. ಬೇಜಾರು ಮಾಡಿಕೊಳ್ಳಬೇಡಿ. ಚಂದ ಕಂಡು ತಂದಿದ್ದೀರಿ, ಗೋಡೆಗೆ ತೂಗುಹಾಕಿ. ಊಟಕ್ಕೆ ಮಾತ್ರ ಬಳಸಬೇಡಿ. ಮೆಕ್ಸಿಕೋದ ಅಗ್ಗದ ಮಣ್ಣಿನ ಪಾತ್ರೆಗಳ ಗ್ಲೇಜ್‌ನಲ್ಲಿ ಸೀಸ ಇರುವುದು ಅಲ್ಲಿನ ಹಳೆಯ ಸಮಸ್ಯೆ. ಹುಳಿ, ಉಪ್ಪಿನಕಾಯಿ, ನಿಂಬೆರಸ ತಾಗಿದರೆ ಸೀಸ ಬಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿದ್ದರಂತೂ ಬೇಡವೇ ಬೇಡ.

ಅಸಲಿಗೆ ಯಾಕೆ ಅಷ್ಟು ಬೆಲೆ ಅಂತ ಕೇಳಬಹುದು. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಎರಡು ಸಲವೂ ಚರ್ಚುಗಳಿಗಿಂತ ಜಾಸ್ತಿ ಹೊತ್ತು ಕುಂಬಾರಿಕೆಯ ಅಂಗಳಗಳಲ್ಲೇ ನಿಂತಿದ್ದೆ. ಎರಡು ಬಗೆಯ ಮಣ್ಣು ಬೇಕು. ಒಂದು ಕಪ್ಪು, ಇನ್ನೊಂದು ನಸುಗೆಂಪು. ಎರಡನ್ನೂ ನೀರಿನಲ್ಲಿ ಕದಡಿ, ಸೋಸಿ, ತೊಟ್ಟಿಯಲ್ಲಿ ಹದಕ್ಕೆ ಬಿಡುತ್ತಾರೆ. ಬರಿಗಾಲಲ್ಲಿ ತುಳಿದು ನಾದುತ್ತಾರೆ. ತಿಗರಿಯಿಂದ ಇಳಿಸಿದ ಮೇಲೆ ನೆರಳಲ್ಲಿ ವಾರಗಟ್ಟಲೆ ಒಣಗಬೇಕು. ಅವಸರ ಮಾಡಿದರೆ ಸೀಳು ಬಿಡುತ್ತದೆ. ಮೊದಲ ಸಲ ಸುಮಾರು 850 ಡಿಗ್ರಿಯಲ್ಲಿ ಸುಡುತ್ತಾರೆ. ಆಮೇಲೆ ಹಾಲಿನಂಥ ಗ್ಲೇಜ್‌ನಲ್ಲಿ ಅದ್ದಿ ತೆಗೆಯುತ್ತಾರೆ. ಅದರಲ್ಲಿರುವ ತವರವೇ ಆ ಬಿಳುಪಿಗೆ ಕಾರಣ. ಒಣಗಿದ ಗ್ಲೇಜ್ ಮೇಲೆ ಕುಂಚ ಇಟ್ಟರೆ ಸುಣ್ಣದ ಗೋಡೆಯ ಹಾಗೆ ತಟ್ಟನೆ ಬಣ್ಣ ಹೀರುತ್ತದೆ. ಅಳಿಸುವ, ತಿದ್ದುವ ಮಾತೇ ಇಲ್ಲ. ಕೈ ನಡುಗಿದರೆ ಆ ನಡುಕವೂ ಸುಟ್ಟು ಶಾಶ್ವತವಾಗುತ್ತದೆ. ಎರಡನೇ ಸಲ 1000 ಡಿಗ್ರಿ ದಾಟಿಸಿ ಸುಡುತ್ತಾರೆ. ಆವಿಗೆ ತಣ್ಣಗಾಗಿ ಬಾಗಿಲು ತೆಗೆಯುವವರೆಗೂ ನೀಲಿ ಹೇಗೆ ಬಂದಿದೆ ಎಂದು ಮಾಡಿದವರಿಗೇ ಗೊತ್ತಿರುವುದಿಲ್ಲ.

ಇನ್ನು ಚೀನಾದ ನೀಲಿ. ನಿಮ್ಮ ಕಣ್ಣು ತಪ್ಪಿಲ್ಲ. ನಿಮ್ಮ ಮಗ ಹೇಳಿದ್ದೂ ಅರ್ಧ ನಿಜ. 9ನೇ ಶತಮಾನದಲ್ಲಿ ಇರಾಕ್‌ನ ಕುಂಬಾರರ ಕೈಗೆ ಚೀನಾದ ಬಿಳಿ ಪಿಂಗಾಣಿ ಸಿಕ್ಕಿತು. ಅಂಥ ಮಣ್ಣು ಅವರಲ್ಲಿರಲಿಲ್ಲ. ಹಾಗಾಗಿ ತಮ್ಮ ಸಾಮಾನ್ಯ ಮಣ್ಣಿನ ಮೇಲೆ ತವರದ ಬಿಳಿ ಲೇಪ ಕೊಟ್ಟು ಅದರ ಮೇಲೆ ನೀಲಿ ಬರೆದರು. ಆ ವಿದ್ಯೆ ಅರಬರ ಜೊತೆ ಸ್ಪೇನ್‌ಗೆ ಹೋಯಿತು. ಸ್ಪೇನ್‌ನ ತಲವೇರಾ ದೆ ಲಾ ರೈನಾ ಎಂಬ ಊರು ಅದಕ್ಕೆ ಹೆಸರಾಯಿತು. ಅಲ್ಲಿಂದ 16ನೇ ಶತಮಾನದಲ್ಲಿ ಪುಯೆಬ್ಲಾಕ್ಕೆ ಬಂತು. ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 1565ರಿಂದ 1815ರವರೆಗೆ ಮನಿಲಾದಿಂದ ಮೆಕ್ಸಿಕೋದ ಅಕಾಪುಲ್ಕೋ ಬಂದರಿಗೆ ಹಡಗುಗಳು ಬರುತ್ತಿದ್ದವು. ಹೊಟ್ಟೆ ತುಂಬ ಚೀನಾದ ರೇಷ್ಮೆ, ಪಿಂಗಾಣಿ. ಅಕಾಪುಲ್ಕೋದಿಂದ ಹೇಸರಗತ್ತೆಗಳ ಬೆನ್ನೇರಿ ಮೆಕ್ಸಿಕೋ ಸಿಟಿಗೆ. ಸ್ಪೇನ್‌ಗೆ ಹೋಗಬೇಕಾದ ಸರಕು ಮುಂದೆ ವೆರಾಕ್ರೂಸ್ ಬಂದರಿಗೆ ಸಾಗಬೇಕು. ಆ ದಾರಿಯಲ್ಲೇ ಪುಯೆಬ್ಲಾ ಇದೆ. ಹೀಗೆ ಚೀನಾದ ನೀಲಿ ಈ ಊರಿಗೆ ಎರಡು ಕಡೆಯಿಂದ ಬಂತು. ಪೂರ್ವದ ಕಡೆಯಿಂದ ಅಟ್ಲಾಂಟಿಕ್ ದಾಟಿ, ಸುಮಾರು ಏಳುನೂರು ವರ್ಷ ಸುತ್ತಿ ಬಂದ ನೀಲಿ ಒಂದು. ಪಶ್ಚಿಮದ ಕಡೆಯಿಂದ ಪೆಸಿಫಿಕ್ ದಾಟಿ ನೇರ ಬಂದ ನೀಲಿ ಇನ್ನೊಂದು. ಒಂದೇ ತಟ್ಟೆಯ ಅಂಚಿನಲ್ಲಿ ಎರಡೂ ಸೇರಿವೆ. ನನಗೆ ಗೊತ್ತಿರುವ ಯಾವ ಊರಿನ ಕುಂಬಾರಿಕೆಯಲ್ಲೂ ಇಂಥ ಯೋಗ ಇಲ್ಲ.

ಈಗ ಸಹಿಯ ವಿಷಯ. 1653ರಲ್ಲಿ ಪುಯೆಬ್ಲಾದ ಕುಂಬಾರರ ಸಂಘ ತನ್ನ ನಿಯಮ ಬರೆಯಿತು. ಮೇಲ್ದರ್ಜೆ, ಸಾಮಾನ್ಯ, ಹಳದಿ ಎಂದು ಪಾತ್ರೆಗಳಲ್ಲಿ ಮೂರು ದರ್ಜೆ. ಪರೀಕ್ಷೆ ಪಾಸಾದವನೇ ಮೇಸ್ತ್ರಿ. ಮೇಸ್ತ್ರಿ ತನ್ನ ಮಾಲಿನ ಮೇಲೆ ತನ್ನ ಗುರುತು ಹಾಕಲೇಬೇಕು. ಮೇಲ್ದರ್ಜೆಯ ನೀಲಿ ಕೆಲಸ ಚೀನಾ ಪಾತ್ರೆಯ ರೀತಿಯಲ್ಲಿರಬೇಕು ಎಂದು ಆಮೇಲೆ ಸೇರಿಸಿದರು. ನಿಮ್ಮ ಊಹೆಗೆ ಲಿಖಿತ ಸಾಕ್ಷಿಯೇ ಇದೆ ನೋಡಿ. ಆದರೆ ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಕಪ್ಪು ಜನರಾಗಲಿ, ಮಿಶ್ರ ಸಂತತಿಯವರಾಗಲಿ ಮೇಸ್ತ್ರಿಯ ಪರೀಕ್ಷೆಗೆ ಕೂರುವ ಹಾಗಿಲ್ಲ. ಯೋಚಿಸಿ. ಅಂಗಳದಲ್ಲಿ ಅಂಥವರು ಯಾರೂ ಕೆಲಸ ಮಾಡದಿದ್ದರೆ ಈ ನಿಯಮ ಯಾಕೆ ಬೇಕಿತ್ತು? ಕೆಲಸ ಬಲ್ಲ ಕೈಗಳಿದ್ದವು, ಸಹಿ ಹಾಕುವ ಹಕ್ಕು ಮಾತ್ರ ಇರಲಿಲ್ಲ. ಆ ಮಾತನ್ನು ಓದಿದ ಮೇಲೆ ನಾನು ಪುಯೆಬ್ಲಾದ ಗೋಡೆಗಳನ್ನು ನೋಡುವ ರೀತಿಯೇ ಬದಲಾಯಿತು.

ಆ ಸಂಘ 19ನೇ ಶತಮಾನದ ಹೊತ್ತಿಗೆ ಹೋಯಿತು. ಈಗಿನ ಕಾನೂನಿನ ಪ್ರಕಾರ ಪುಯೆಬ್ಲಾ ರಾಜ್ಯದ ಕೆಲವು ಊರುಗಳು ಮತ್ತು ಪಕ್ಕದ ತ್ಲಾಸ್ಕಾಲಾದ ಒಂದು ಊರಿನಲ್ಲಿ ಮಾಡಿದ್ದಕ್ಕೆ ಮಾತ್ರ ತಲವೇರಾ ಹೆಸರು ಸಲ್ಲುತ್ತದೆ. 2019ರಲ್ಲಿ ಯುನೆಸ್ಕೋ ಈ ವಿದ್ಯೆಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ಪೇನ್‌ನ ಊರುಗಳನ್ನೂ ಮೆಕ್ಸಿಕೋದ ಊರುಗಳನ್ನೂ ಒಂದೇ ಸಾಲಿನಲ್ಲಿ ಹೆಸರಿಸಿತು. ನಕಲು ಯಾವುದು, ಮೂಲ ಯಾವುದು ಅನ್ನುವ ಜಗಳಕ್ಕೆ ಅದು ಒಳ್ಳೆಯ ಉತ್ತರ ಅನಿಸುತ್ತದೆ ನನಗೆ.

ನೀವು ಕಂಡ ಟೈಲ್ಸ್ ಮನೆಗಳ ಗೋಡೆ ಪೂರ್ತಿ ಟೈಲ್ಸ್ ಅಲ್ಲ, ಗಮನಿಸಿದಿರಾ? ಕೆಂಪು ಇಟ್ಟಿಗೆಯ ನಡುನಡುವೆ ಒಂದೊಂದು ಚಿತ್ರದ ಟೈಲ್. ಇಟ್ಟಿಗೆ ಜೋಡಿಸಿದ ರೀತಿ ಚಾಪೆ ಹೆಣೆದ ಹಾಗಿರುತ್ತದೆ. ಅದಕ್ಕೆ ಅಲ್ಲಿನವರು ಪೆತಾತಿಯೋ ಅನ್ನುತ್ತಾರೆ. ಪೆತಾತೆ ಅಂದರೆ ಚಾಪೆ. ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಬಂದ ಪದ ಅದು. ಗೋಡೆಯ ಮೇಲಿನ ಚಿತ್ರ ಸ್ಪೇನ್‌ನದಾಗಿರಬಹುದು, ಗೋಡೆಯ ನೇಯ್ಗೆಗೆ ಇರುವ ಹೆಸರು ನೆಲದ್ದು. ಟೈಲ್ಸ್ ಹಾಕಿದರೆ ಮಳೆನೀರು ಜಾರಿಹೋಗುತ್ತದೆ, ಒರೆಸಿದರೆ ಹೊಳೆಯುತ್ತದೆ. ಜೊತೆಗೆ ದುಡ್ಡಿದೆ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ದಾರಿತಪ್ಪಿದ ಮಗನಿಗೆ ‘ನೀನು ಜನ್ಮದಲ್ಲಿ ಟೈಲ್ಸ್ ಮನೆ ಕಟ್ಟಲಾರೆ’ ಎಂದು ಅಪ್ಪ ಬೈಯುವ ಹಳೆಯ ಮಾತು ಮೆಕ್ಸಿಕೋದಲ್ಲಿದೆ.

ಅಲ್ಫೆನೀಕೆ ಮನೆಯನ್ನು ನೋಡಿದಿರೋ ಇಲ್ಲವೋ. 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಮನೆ ಅದು. ಅಲ್ಫೆನೀಕೆ ಅಂದರೆ ಒಂದು ಬಗೆಯ ಬಿಳಿ ಸಕ್ಕರೆ ಮಿಠಾಯಿ. ಕಿಟಕಿಗಳ ಸುತ್ತ, ಸೂರಿನ ಅಂಚಿನ ಕೆಳಗೆ ಬಿಳಿ ಗಾರೆಯಲ್ಲಿ ಎಂಥ ಕೆಲಸ! ಪಾಕ ಎಳೆದು ಬಿಟ್ಟಂತೆ ಇದೆ. ನನ್ನ ಕಸುಬು ಗಾರೆ ಆಗಿರುವುದರಿಂದ ಅಲ್ಲಿ ಒಂದು ಗಂಟೆ ನಿಂತೆ. ಸುಣ್ಣದ ಗಾರೆಗೆ ಪಾಪಾಸುಕಳ್ಳಿಯ ಲೋಳೆ ಬೆರೆಸುವ ರೂಢಿ ಮೆಕ್ಸಿಕೋದಲ್ಲಿ ಬಹಳ ಹಳೆಯದು. ಬೆಲ್ಲದ ನೀರು ಬೆರೆಸುವ ನಮ್ಮ ಗಾರೆಯವರಿಗೆ ಇದನ್ನು ಹೇಳಿದಾಗ ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಅಂಟು ಬೇಕಲ್ವಾ ಅಂದರು, ಅಷ್ಟೇ.

ನಿಮಗೆ ತಲೆ ಸುತ್ತಿಸಿದ ಚಾಪೆಲ್ ಸಂತ ಡೊಮಿಂಗೋ ಚರ್ಚಿನೊಳಗಿನ ರೊಸಾರಿಯೋ ಚಾಪೆಲ್. 1690ರ ಏಪ್ರಿಲ್‌ನಲ್ಲಿ ಅದರ ಪ್ರತಿಷ್ಠೆ ಆಯಿತು. ಆ ಸಂದರ್ಭದಲ್ಲಿ ಅಚ್ಚಾದ ಪುಸ್ತಕವೇ ಅದನ್ನು ಹೊಸ ಲೋಕದ ಎಂಟನೇ ಅದ್ಭುತ ಎಂದು ಕರೆಯಿತು. ಆಗ ಪುಯೆಬ್ಲಾ ಮೆಕ್ಸಿಕೋ ಸಿಟಿ ಬಿಟ್ಟರೆ ಆ ನಾಡಿನ ಎರಡನೇ ದೊಡ್ಡ ನಗರ. ಗೋಧಿ, ಸಾಬೂನು, ಬಟ್ಟೆ, ಗಾಜು ಎಲ್ಲದರಲ್ಲೂ ಹಣ ಬರುತ್ತಿತ್ತು. ಸಿರಿವಂತಿಕೆಯ ಪ್ರದರ್ಶನ ಅಲ್ಲವೇ ಎಂದು ನಿಮಗೆ ಅನಿಸಿದ್ದರೆ, ಹೌದು, ಅದೂ ಇದೆ. ಆದರೆ ಒಳಗಿರುವುದು ಗಟ್ಟಿ ಚಿನ್ನವಲ್ಲ. ಉಸಿರು ಬಿಟ್ಟರೆ ಹಾರುವಷ್ಟು ತೆಳು ಚಿನ್ನದ ರೇಕು. ಅದರ ಕೆಳಗಿರುವುದು ಗಾರೆ. ಹಸಿಯಿದ್ದಾಗಲೇ ಬೆರಳು, ಕರಣೆ, ಕಡ್ಡಿಗಳಿಂದ ತಿದ್ದಿದ ಬಳ್ಳಿ, ಎಲೆ, ಮುಖ, ರೆಕ್ಕೆ. ಇಡೀ ಚಾಪೆಲ್ ಮನುಷ್ಯರ ಕೈಯಳತೆಯಲ್ಲಿದೆ.

ತಲೆ ಸುತ್ತಿದ್ದು ಬಾಗಿಲಲ್ಲೇ ನಿಂತು ಒಮ್ಮೆಗೇ ಎಲ್ಲ ನೋಡಿದ್ದಕ್ಕೆ. ಮುಂದಿನ ಸಲ ಹೀಗೆ ಮಾಡಿ. ಒಂದು ಬೆಂಚಿನ ಮೇಲೆ ಕೂತು ಗೋಡೆಯ ಬುಡದಿಂದ ಶುರು ಮಾಡಿ. ಬುಡದಲ್ಲಿ ತಲವೇರಾ ಟೈಲ್ಸ್ ಪಟ್ಟಿ ಇದೆ. ಕಣ್ಣಿಗೆ ತಂಪು. ಅದರ ಮೇಲೆ ಗೋಡೆಯಲ್ಲಿ ಹೋಸೆ ರೊದ್ರೀಗೆಸ್ ಕಾರ್ನೆರೋ ಬರೆದ ದೊಡ್ಡ ಚಿತ್ರಗಳು, ಮೇರಿಯ ಬದುಕಿನ ಸಂತೋಷದ ಗಳಿಗೆಗಳು. ಆಮೇಲೆ ಮೇಲಿನ ಕಮಾನು ಚಾವಣಿ. ಅಲ್ಲಿ ಮೂರು ಹೆಂಗಸರು. ನಂಬಿಕೆ, ಭರವಸೆ, ಪ್ರೀತಿ. ಎಲ್ಲವನ್ನೂ ಹೆಣೆದು ಹಿಡಿದಿರುವ ಬಳ್ಳಿಯನ್ನೇ ಹಿಂಬಾಲಿಸಿ ಮುಂದೆ ಹೋದರೆ ಗುಮ್ಮಟ ಬರುತ್ತದೆ. ಅಲ್ಲಿ ಪವಿತ್ರಾತ್ಮನ ವರಗಳು, ಅವೂ ಹೆಂಗಸರ ರೂಪದಲ್ಲೇ. ಅದರ ಕೆಳಗೆ ನಡುವೆ ಮೇರಿ. ರೊಸಾರಿಯೋ ಅಂದರೆ ಜಪಮಾಲೆ. ಜಪ ಮಾಡುವವರು ಒಂದೊಂದೇ ಮಣಿ ಸರಿಸುತ್ತಾರೆ. ಆ ಜಾಗವನ್ನೂ ಹಾಗೇ ಒಂದೊಂದಾಗಿ ನೋಡಬೇಕು. ಖಾಲಿ ಜಾಗ ಬಿಡದಿರುವುದು ಅಜಾಗರೂಕತೆಯಲ್ಲ. ಮಣಿಯ ಪಕ್ಕ ಮಣಿಯೇ ಇರಬೇಕು.

ಪಲಾಫೋಕ್ಸ್ ಗ್ರಂಥಾಲಯ, ಬೂದುಕಲ್ಲಿನ ಕೆಥೆಡ್ರಲ್ ಬಗ್ಗೆ ನೀವು ಕೇಳಿಲ್ಲ, ಹಾಗಾಗಿ ಬಿಡುತ್ತೇನೆ. ಗ್ರಂಥಾಲಯಕ್ಕೆ ಹೋಗಿಲ್ಲದಿದ್ದರೆ ಮುಂದಿನ ಸಲ ತಪ್ಪಿಸಬೇಡಿ. 1646ರಲ್ಲಿ ಒಬ್ಬ ಬಿಷಪ್ ತನ್ನ 5000 ಪುಸ್ತಕ ಕೊಟ್ಟು, ಓದಲು ಬರುವ ಯಾರಿಗಾದರೂ ತೆರೆದಿರಲಿ ಎಂದು ಶುರು ಮಾಡಿದ್ದು ಅದು. ನೀವು ಶಿಕ್ಷಕಿ, ನಿಮಗೆ ಹಿಡಿಸುತ್ತದೆ.

ಭಾರತದ ಹೆಣ್ಣುಮಗಳ ಮಾತು ನಿಜ. ಗೈಡ್ ಕಟ್ಟಿ ಹೇಳಿದ್ದಲ್ಲ. ಹೆಸರು ಕತರೀನಾ ದೆ ಸಾನ್ ಹ್ವಾನ್. ಹುಟ್ಟುಹೆಸರು ಮಿರ್ರಾ ಎಂದು ಬರೆದಿಟ್ಟಿದ್ದಾರೆ. ಚಿಕ್ಕವಳಿದ್ದಾಗ ಪೋರ್ಚುಗೀಸ್ ಕಡಲ್ಗಳ್ಳರು ಹೊತ್ತೊಯ್ದರು. ಕೊಚ್ಚಿಯಲ್ಲಿ ಕ್ರೈಸ್ತ ದೀಕ್ಷೆ ಆಯಿತು. ಮನಿಲಾದಲ್ಲಿ ಗುಲಾಮಳಾಗಿ ಮಾರಾಟ. ಅಲ್ಲಿಂದ ನಾನು ಹೇಳಿದ ಅದೇ ಪಿಂಗಾಣಿಯ ಹಡಗಿನ ದಾರಿಯಲ್ಲಿ ಅಕಾಪುಲ್ಕೋಗೆ, ಸುಮಾರು 1620ರ ಹೊತ್ತಿಗೆ ಪುಯೆಬ್ಲಾಕ್ಕೆ. ಮಿಗೆಲ್ ದೆ ಸೋಸಾ ಎಂಬ ವ್ಯಾಪಾರಿಯ ಮನೆಯಲ್ಲಿ ದುಡಿದಳು. ಮುಂದೆ ಬಿಡುಗಡೆ ಸಿಕ್ಕಿತು. ದೈವದರ್ಶನ ಆಗುತ್ತದೆ ಎಂದು ಊರಿನವರು ಅವಳಲ್ಲಿ ಭಕ್ತಿ ಇಟ್ಟರು. 1688ರ ಜನವರಿಯಲ್ಲಿ ತೀರಿಕೊಂಡಾಗ ಜನ ಮುಗಿಬಿದ್ದರು. ಸಮಾಧಿ ಇರುವುದು ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಪಂಗಡದ ಕೊಂಪಾನಿಯಾ ಚರ್ಚಿನಲ್ಲಿ.

ಅವಳ ಬಗ್ಗೆ ಅಲೋನ್ಸೋ ರಾಮೋಸ್ ಎಂಬ ಪಾದ್ರಿ ಮೂರು ಸಂಪುಟ ಬರೆದ. ಕೆಲವೇ ವರ್ಷಗಳಲ್ಲಿ, 1696ರಲ್ಲಿ, ಇನ್‌ಕ್ವಿಸಿಷನ್ ಎಂಬ ಚರ್ಚಿನ ವಿಚಾರಣಾ ಮಂಡಳಿ ಆ ಪುಸ್ತಕವನ್ನು ನಿಷೇಧಿಸಿತು. ಅವಳ ಚಿತ್ರ ಇಟ್ಟು ಪೂಜಿಸುವುದನ್ನೂ ನಿಲ್ಲಿಸಿತು. ಮೊಘಲ್ ರಾಜವಂಶದವಳು ಎನ್ನುವ ಮಾತು ಬಂದದ್ದು ಈ ಪಾದ್ರಿಗಳ ಬರವಣಿಗೆಯಿಂದ. ಅವಳನ್ನು ಸಂತಳನ್ನಾಗಿ ಮಾಡುವ ಆಸೆ ಅವರಿಗಿತ್ತು. ಹಾಗಾಗಿ ಆ ಮಾತನ್ನು ಅಳೆದು ತೂಗಿಯೇ ತೆಗೆದುಕೊಳ್ಳಬೇಕು. ಅವಳು ತಾನೇ ಬರೆದಿಟ್ಟ ಒಂದು ಸಾಲೂ ನಮಗಿಲ್ಲ. ಎಲ್ಲ ಬೇರೆಯವರ ಕೈಬರಹ. ಇನ್ನೊಂದು ಮಾತು. ಕಸೂತಿಯ ಲಂಗ ತೊಟ್ಟ ‘ಚೀನಾ ಪೊಬ್ಲಾನಾ’, ಅಂದರೆ ಪುಯೆಬ್ಲಾದ ಚೀನಾದವಳು, ಎಂಬ ಗೊಂಬೆಗಳನ್ನು ಅಂಗಡಿಗಳಲ್ಲಿ ನೋಡಿರುತ್ತೀರಿ. ಆ ಉಡುಗೆ ಇವಳದೇ ಎಂದು ಹೇಳುತ್ತಾರೆ. ಅದು ಆಮೇಲೆ ಬೆಳೆದ ಕತೆ. ಆ ಉಡುಗೆ 19ನೇ ಶತಮಾನದ್ದು. ಆ ಹಡಗಿನಲ್ಲಿ ಬಂದ ಏಷ್ಯಾದವರನ್ನೆಲ್ಲ ಅಲ್ಲಿ ಚೀನಾದವರು ಅನ್ನುತ್ತಿದ್ದರು. ಅದಕ್ಕೇ ನಮ್ಮ ಕಡೆಯ ಹೆಣ್ಣಿಗೆ ಆ ಹೆಸರು ಅಂಟಿತು.

ಚೊಲುಲಾ ನೋಡಿ ನೋವಾಯಿತು ಅಂದಿರಿ. ಅದು ಸಹಜ. ಆದರೆ ಸ್ವಲ್ಪ ತಿದ್ದಬೇಕು. ಸ್ಪೇನ್‌ನವರು ಬಂದಾಗ ಆ ಪಿರಮಿಡ್ ಊರಿನ ಮುಖ್ಯ ಗುಡಿಯಾಗಿ ಉಳಿದಿರಲಿಲ್ಲ. ಅದನ್ನು ಕಟ್ಟುವುದು ನಿಂತು ನೂರಾರು ವರ್ಷ ಆಗಿತ್ತು. ಹುಲ್ಲು, ಗಿಡ ಬೆಳೆದು ಗುಡ್ಡವೇ ಆಗಿಹೋಗಿತ್ತು. ನಾವಾತ್ಲ್ ಹೆಸರೇ ಕೈಯಿಂದ ಮಾಡಿದ ಬೆಟ್ಟ ಎಂದು. ಒಂದೊಂದು ಬದಿ ಸುಮಾರು 400 ಮೀಟರ್, ಎತ್ತರ ಸುಮಾರು 66 ಮೀಟರ್. ಬಹುಪಾಲು ಹಸಿ ಇಟ್ಟಿಗೆ. ಕ್ರಿ.ಪೂ. ಕಾಲದಿಂದ ಒಂದರ ಮೇಲೊಂದು ಹೊದಿಸುತ್ತಾ ಸುಮಾರು ಸಾವಿರ ವರ್ಷ ಕಟ್ಟಿದ್ದು. ಗಾತ್ರದಲ್ಲಿ ಜಗತ್ತಿನ ಅತಿ ದೊಡ್ಡ ಪಿರಮಿಡ್ ಇದೇ. ಅದರ ನೆತ್ತಿಯ ಮೇಲೆ ಚರ್ಚ್ ಬಂದದ್ದು 16ನೇ ಶತಮಾನದ ಕೊನೆಗೆ. ನೋವು ಪಡಬೇಕಾದ ಜಾಗ ಕೆಳಗಿದೆ. ಊರಿನ ನಡುವೆ ಆಗ ಕೆತ್ಸಲ್‌ಕೋಆತ್ಲ್ ದೇವರ ಜೀವಂತ ಗುಡಿ ಇತ್ತು. 1519ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ಗೆಲ್ಲಲು ಬಂದ ಸ್ಪೇನ್‌ನ ದಂಡನಾಯಕ ಕೊರ್ತೆಸ್‌ನ ಪಡೆ ಅಲ್ಲೇ ಸಾವಿರಾರು ಜನರನ್ನು ಕೊಂದಿತು. ಆ ಜಾಗದಲ್ಲಿ ಈಗ ಸಾನ್ ಗಾಬ್ರಿಯೆಲ್ ಮಠ ಇದೆ. ಪ್ರವಾಸಿಗರೆಲ್ಲ ಗುಡ್ಡ ಹತ್ತುತ್ತಾರೆ, ಈ ಅಂಗಳವನ್ನು ಸುಮ್ನೆ ದಾಟಿ ಹೋಗುತ್ತಾರೆ.

ಮೂಲನಿವಾಸಿಗಳಿಗಾಗಿಯೇ ಕಟ್ಟಿದ ಚಾಪೆಲ್ ಅದೇ ಅಂಗಳದಲ್ಲಿದೆ. 49 ಗುಮ್ಮಟಗಳ, ಮಸೀದಿಯ ಹಾಗೆ ಕಾಣುವ ಕಟ್ಟಡ. ಒಳಗೆ ಕಂಬಗಳ ಕಾಡು.

ನಕಲು ಎಂದ ನಿಮ್ಮ ಮಗನನ್ನು ನಾನು ಎರಡು ಹಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೆ. ಚೊಲುಲಾದಿಂದ ಕೆಲವೇ ಕಿಲೋಮೀಟರ್. ಒಂದು ಅಕತೆಪೆಕ್. ಅಲ್ಲಿನ ಚರ್ಚಿನ ಮುಖವೆಲ್ಲ ತಲವೇರಾ. ಗೋಡೆ ಮಾತ್ರವಲ್ಲ, ದುಂಡು ಕಂಬ, ಕಂಬದ ತಲೆ, ತಿರುವು, ಅಂಚು ಎಲ್ಲ. ಚಪ್ಪಟೆ ಟೈಲ್ಸ್ ಒಡೆದು ಅಂಟಿಸಿದ್ದಲ್ಲ. ಆ ತಿರುವಿಗೇ ಎಂದು ಅಳತೆ ಹಿಡಿದು ಮಣ್ಣು ತಿದ್ದಿ ಸುಟ್ಟಿದ್ದು. ಸುಟ್ಟಾಗ ಮಣ್ಣು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಅಷ್ಟು ದೊಡ್ಡದು ಮಾಡಬೇಕು. ಕಸುಬಿನವಳಾಗಿ ಹೇಳುತ್ತೇನೆ, ಇಡೀ ಪುಯೆಬ್ಲಾ ಪ್ರಾಂತದಲ್ಲಿ ನನ್ನ ಕೈ ಮುಗಿಸಿದ್ದು ಆ ಗೋಡೆ.

ಇನ್ನೊಂದು ತೊನಾನ್‌ತ್ಸಿಂತ್ಲಾ. ತೊನಾನ್‌ತ್ಸಿನ್ ಅಂದರೆ ನಾವಾತ್ಲ್‌ನಲ್ಲಿ ‘ನಮ್ಮ ಅವ್ವ’. ಚರ್ಚು ಮೇರಿಯದು, ಊರಿನ ಹೆಸರು ಅವ್ವನದು. ಹೊರಗಿನಿಂದ ಚಿಕ್ಕ ಕಟ್ಟಡ. ಒಳಗೆ ನೀವು ಪುಯೆಬ್ಲಾದಲ್ಲಿ ಕಂಡ ಅದೇ ಗಾರೆಕೆಲಸ, ಅದೇ ಖಾಲಿ ಬಿಡದ ಗೋಡೆ. ಆದರೆ ಇಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಎಲ್ಲ ಬಣ್ಣವೂ ಚಿನ್ನದ ಜೊತೆ ಸೇರಿದೆ. 17ನೇ ಶತಮಾನದಿಂದ ತಲೆಮಾರುಗಳ ಕಾಲ ಹಳ್ಳಿಯವರೇ ಸೇರಿಸುತ್ತಾ, ಬಣ್ಣ ಬಳಿಯುತ್ತಾ ಬಂದಿದ್ದಾರೆ. ದೇವದೂತರ ಮುಖ ಕಂದು. ಕೆಲವರ ತಲೆಯ ಮೇಲೆ ಗರಿಗಳ ಮುಕುಟ. ಬಳ್ಳಿಯಲ್ಲಿ ದ್ರಾಕ್ಷಿಯ ಜೊತೆಗೆ ಅಲ್ಲಿನ ನೆಲದ ಹಣ್ಣು, ಜೋಳದ ತೆನೆ, ಮೆಣಸಿನಕಾಯಿ. ಇದು ಮಳೆದೇವರು ತ್ಲಾಲೋಕ್‌ನ ಸ್ವರ್ಗ ಎಂದು ಕೆಲವು ವಿದ್ವಾಂಸರು ಓದುತ್ತಾರೆ. ಇರಬಹುದು. ಸ್ವರ್ಗ ಬರಿ ಎಂದಾಗ ತಮ್ಮ ಸಂತೆಯಲ್ಲಿ ಸಿಗುವ ಹಣ್ಣನ್ನೇ ಬರೆದರು ಎಂದು ನನಗೆ ಅನಿಸುತ್ತದೆ.

ಫೋಟೋ ತೆಗೆಯಲು ಬಿಡುವುದಿಲ್ಲ. ಹಾಗಾಗಿ ಮಗನಿಗೆ ಹೇಳಿ, ಫೋನ್ ಚೀಲದಲ್ಲಿಡಲಿ. ಒಳಗೆ ಹೋದ ಕೂಡಲೇ ಬಾಗಿಲಿನ ಮೇಲಿರುವ ಮಹಡಿಯ ಅಡಿಭಾಗವನ್ನು ನೋಡಲಿ. ವಾದ್ಯ ಹಿಡಿದ ಪುಟ್ಟ ವಾದಕರು ಅಲ್ಲಿದ್ದಾರೆ. ಒಂದೊಂದೇ ಮುಖ ನೋಡುತ್ತಾ ಹೋದರೆ ಒಂದು ಮುಖ ಇನ್ನೊಂದರಂತಿಲ್ಲ. ದುಂಡು ಕೆನ್ನೆಯವನು, ಮೊಂಡು ಮೂಗಿನವನು, ನಿದ್ದೆಗಣ್ಣಿನವನು. ಆಮೇಲೆ ಹೊರಗೆ ಬಂದು ಅಂಗಳದಲ್ಲಿ ತಿಂಡಿ ಮಾರುವವರ ಮುಖ ನೋಡಲಿ.